ಲೆವಿನ್‌ನ ಜೊತೆಗಿನ ಜಗಳವೇ ನಿಮ್ಮ ಲೇಖನ

ನಮಸ್ಕಾರ.

ಟಾಲ್‌ಸ್ಟಾಯ್ ಅವರ ‘ಅನ್ನಾ ಕರೆನಿನಾ’ವನ್ನು ದಾಸ್ತೊಯೆವ್ಸ್ಕಿ ಹೇಗೆ ಓದಿದರು ಅನ್ನುವ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯವನ್ನು ಮಾತ್ರ ಕೈಬಿಡಬೇಡಿ.

ಮೊದಲ ಎರಡು ಪುಟ ಬರೀ ಜೀವನಚರಿತ್ರೆ. ಇಬ್ಬರೂ ಒಮ್ಮೆಯೂ ಭೇಟಿಯಾಗಲಿಲ್ಲ ಅನ್ನುವ ಸಾಲನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ತೆಗೆಯಿರಿ. ಆಮೇಲೆ, ಹೊಟ್ಟೆಕಿಚ್ಚಿನಿಂದಲೇ ದಾಸ್ತೊಯೆವ್ಸ್ಕಿ ಟೀಕೆ ಮಾಡಿದರು ಅಂತ ತೀರ್ಪು ಕೊಟ್ಟಿದ್ದೀರಿ. ಅವರಿಗೆ ನೋವಿದ್ದದ್ದು ನಿಜ. ಪತ್ರಿಕೆಯವರು ಟಾಲ್‌ಸ್ಟಾಯ್‌ಗೆ ಒಂದು ಫಾರಂಗೆ (ಅಚ್ಚಿನ ಒಂದು ದೊಡ್ಡ ಹಾಳೆಗೆ) 500 ರೂಬಲ್ ಸಲೀಸಾಗಿ ಕೊಟ್ಟರು, ತನಗೆ 250 ಕೊಡಲೂ ಹಿಂದೆಮುಂದೆ ನೋಡಿದರು ಅಂತ 1874ರಲ್ಲಿ ಹೆಂಡತಿಗೆ ಬರೆದಿದ್ದರು. ಆದರೆ ಅವರು ಎತ್ತಿದ ಪ್ರಶ್ನೆಗಳು ಆ ಹಣದಿಂದ ಹುಟ್ಟಿದವಲ್ಲ.

‘ಲೇಖಕನ ದಿನಚರಿ’ ಅನ್ನುವ ಅವರ ಮಾಸಿಕದ 1877ರ ಫೆಬ್ರವರಿ ಸಂಚಿಕೆ ತೆಗೆದು ನೋಡಿ. ಬೇಟೆಗೆ ಹೋದ ಕಾದಂಬರಿಯ ಜಮೀನ್ದಾರ ಲೆವಿನ್ ಮತ್ತು ಅವನ ಷಡ್ಡಕ ಸ್ತೀವ ರಾತ್ರಿ ರೈತನೊಬ್ಬನ ಹುಲ್ಲಿನ ಕೊಟ್ಟಿಗೆಯಲ್ಲಿ ಮಲಗಿ ಮಾತಾಡುವ ಪ್ರಸಂಗ ಅಲ್ಲಿದೆ. ದುಡಿಮೆಗೆ ತಕ್ಕದ್ದಲ್ಲದ ಗಳಿಕೆ ಅನ್ಯಾಯ ಅನ್ನುತ್ತಾನೆ ಲೆವಿನ್. ಹಾಗಾದರೆ ನಿನಗೆ ಐದು ಸಾವಿರ, ಈ ರೈತ ಎಷ್ಟು ದುಡಿದರೂ ಐವತ್ತೇ ರೂಬಲ್, ಇದು ನ್ಯಾಯವೇ ಅಂತ ಸ್ತೀವ ಕೇಳುತ್ತಾನೆ. ನ್ಯಾಯವಲ್ಲ ಅಂತ ಲೆವಿನ್‌ಗೆ ಗೊತ್ತು. ಜಮೀನು ಬಿಟ್ಟುಕೊಡಲೂ ಆಗುವುದಿಲ್ಲ. ದಾಸ್ತೊಯೆವ್ಸ್ಕಿ ಇಲ್ಲಿ ಅವನನ್ನು ಹಂಗಿಸುವುದಿಲ್ಲ. ಎಲ್ಲ ಹಂಚಲೇಬೇಕು, ರೈತನ ಅಂಗಿ ತೊಡಲೇಬೇಕು ಅಂತೇನಿಲ್ಲ, ಪ್ರೀತಿಯಿಂದ ಕೈಲಾದದ್ದನ್ನೆಲ್ಲ ಮಾಡುವ ಗಟ್ಟಿ ಮನಸ್ಸು ಬೇಕು ಅನ್ನುತ್ತಾರೆ. ಲೆವಿನ್‌ನಂಥವರ ಮೇಲೆ ಅವರಿಗೆ ದೊಡ್ಡ ಭರವಸೆ.

ಅದೇ ವರ್ಷದ ಜುಲೈ-ಆಗಸ್ಟ್ ಸಂಚಿಕೆಗೆ ಬನ್ನಿ. ಆ ಹೊತ್ತಿಗೆ ರಷ್ಯಾ ತುರ್ಕಿಯ ಮೇಲೆ ಯುದ್ಧ ಸಾರಿತ್ತು. ತುರ್ಕಿಯ ಆಳ್ವಿಕೆಯಲ್ಲಿದ್ದ ಸ್ಲಾವ್ ಜನರ ಕಷ್ಟಕ್ಕೆ ನಮ್ಮ ಜನರಲ್ಲಿ ನೇರವಾದ ಮರುಕವೇನೂ ಇಲ್ಲ ಅಂತ ಕಾದಂಬರಿಯ ಕೊನೆಯ ಭಾಗದಲ್ಲಿ ಲೆವಿನ್ ಹೇಳುತ್ತಾನೆ. ಇದೇ ಕಾರಣಕ್ಕೆ, ಕಾದಂಬರಿಯನ್ನು ಧಾರಾವಾಹಿಯಾಗಿ ಹಾಕುತ್ತಿದ್ದ ಪತ್ರಿಕೆಯ ಸಂಪಾದಕ ಕಟ್ಕೋವ್ ಆ ಭಾಗವನ್ನು ಹಾಕಲಿಲ್ಲ. ಟಾಲ್‌ಸ್ಟಾಯ್ ಬೇರೆಯಾಗಿ ಅಚ್ಚು ಹಾಕಿಸಿದರು. ದಾಸ್ತೊಯೆವ್ಸ್ಕಿ ಈಗ ಲೆವಿನ್‌ನ ಬಾಯಲ್ಲಿ ಟಾಲ್‌ಸ್ಟಾಯ್‌ರನ್ನೇ ಕೇಳಿಸಿಕೊಳ್ಳುತ್ತಾರೆ. ಕಣ್ಣೆದುರೇ ಯಾರಾದರೂ ಒಂದು ಮಗುವಿನ ಕಣ್ಣಿಗೆ ಸೂಜಿ ಚುಚ್ಚಲು ಕೈ ಎತ್ತಿದರೆ ಲೆವಿನ್ ಸುಮ್ನೆ ನಿಂತಿರುತ್ತಾನಾ ಅಂತ ಕೇಳುತ್ತಾರೆ. ಇಂಥ ಕಾದಂಬರಿ ಈಗಿನ ಯುರೋಪಿನಲ್ಲೇ ಇಲ್ಲ ಅಂತ ಮೆಚ್ಚಿದ್ದೂ ಅದೇ ಸಂಚಿಕೆಯಲ್ಲಿ.

ಫೆಬ್ರವರಿಯ ಭರವಸೆ ಬೇಸಿಗೆಯ ಹೊತ್ತಿಗೆ ಯಾಕೆ ಒಡೆಯಿತು? ನಿಮ್ಮ ಲೇಖನ ಬರೆಯಬೇಕಿರುವುದು ಇದನ್ನೇ ಅಲ್ವಾ? ‘ಸಾಮಾಜಿಕ ಕಳಕಳಿ’ ಅನ್ನುವ ಮಾತು ನಿಮ್ಮಲ್ಲಿ ತೀರಾ ಜಾಸ್ತಿ ಬರುತ್ತದೆ. ಆ ಐದು ಸಾವಿರ ಮತ್ತು ಐವತ್ತು ಮಾತ್ರ ಎಲ್ಲೂ ಇಲ್ಲ. ಇನ್ನೊಂದು ಕೊರತೆ ಇದೆ. ಸ್ತೀವ ಕೇಳಿದ ಪ್ರಶ್ನೆಗೆ ದಾಸ್ತೊಯೆವ್ಸ್ಕಿಯ ಉತ್ತರ ನಿಮಗೆ ಒಪ್ಪಿಗೆಯೇ? ಜಮೀನು ಬಿಡದೆ ಬರೀ ಪ್ರೀತಿ ಸಾಕು ಅನ್ನುವುದು ನನಗಂತೂ ಒಪ್ಪಿಗೆಯಿಲ್ಲ. ನಿಮ್ಮ ಅಭಿಪ್ರಾಯ ನಿಮ್ಮ ಲೇಖನದಲ್ಲಿ ಕಾಣಲೇಬೇಕು.

ಈ ಎರಡು ಸಂಚಿಕೆಗಳಿಗೆ ಮಾತ್ರ ಅಂಟಿಕೊಂಡು ಮತ್ತೆ ಬರೆದು ಕಳಿಸಿ. ಅರ್ಧದಷ್ಟು ಉದ್ದವಿದ್ದರೆ ಸಾಕು. ನಾನೇ ಓದುತ್ತೇನೆ.