ಓದುಗರ ಪ್ರಶ್ನೆ: ಗುಹೆ ಬಿದ್ದರೆ ನೆಲ ಎಷ್ಟು ಇಳಿಯುತ್ತದೆ?

ಪ್ರಶ್ನೆ: ನೆಲದಡಿಯ ಗುಹೆಯ ಚಾವಣಿ ಕುಸಿದರೆ ಮೇಲೆ ಗುಂಡಿ ಬೀಳಲೇಬೇಕೇ?
– ಓದುಗರು, ಕಲಬುರಗಿ

ಉತ್ತರ: ಬೇಕಿಲ್ಲ. ಒಡೆದ ಬಂಡೆಯ ಚೂರುಗಳ ನಡುವೆ ಸಂದು ಉಳಿಯುವುದರಿಂದ ರಾಶಿಗೆ ಇಡೀ ಬಂಡೆಗಿಂತ ಹೆಚ್ಚು ಜಾಗ ಬೇಕು. ಈ ಹಿಗ್ಗು ಶೇ 30 ಎಂದಿಟ್ಟುಕೊಳ್ಳಿ. ಗುಹೆಯ ಎತ್ತರ 10 ಮೀಟರ್, ಅದರ ಮೇಲಿನ ಬಂಡೆ 20 ಮೀಟರ್. ಅಷ್ಟೂ ಬಿದ್ದರೆ 26 ಮೀಟರ್ ರಾಶಿ, ತುಂಬಬೇಕಾದ ಜಾಗ 30 ಮೀಟರ್. ಅಂದರೆ ಮೇಲೆ 4 ಮೀಟರ್ ತಗ್ಗು. ಅದೇ ಗುಹೆಯ ಮೇಲೆ 40 ಮೀಟರ್ ಬಂಡೆ ಇದ್ದರೆ ಕುಸಿತ ಸುಮಾರು 33 ಮೀಟರ್ ಏರುವಷ್ಟರಲ್ಲಿ ರಾಶಿಯೇ ಚಾವಣಿಗೆ ಆನಿಕೆಯಾಗುತ್ತದೆ. ಮೇಲಿದ್ದವರಿಗೆ ಸುದ್ದಿಯೇ ಮುಟ್ಟುವುದಿಲ್ಲ.

ನೂರಾರು ಮೀಟರ್ ಆಳದ ಕುಳಿಗಳಾಗಬೇಕಾದರೆ ಬಿದ್ದದ್ದನ್ನು ಹೊತ್ತೊಯ್ಯಲು ಕೆಳಗೊಂದು ಹೊಳೆ ಇರಬೇಕು. ಸ್ಲೊವೇನಿಯಾದ ಶ್ಕೋತ್ಸಿಯಾನ್‌ನಲ್ಲಿ ರೇಕಾ ನದಿ ಸುಣ್ಣಕಲ್ಲಿನೊಳಗೆ ನುಗ್ಗುತ್ತದೆ. ಅಲ್ಲಿನ ‘ವೆಲಿಕಾ ಡೋಲಿನಾ’ ಕುಳಿ 165 ಮೀಟರ್‌ವರೆಗೂ ಆಳ. ಚೀನಾದ ಶಿಯಾವೋಜಾಯ್ ಕುಳಿ 600 ಮೀಟರಿಗೂ ಹೆಚ್ಚು, ಅದರ ತಳದಲ್ಲೂ ನದಿಯೇ.

ಆದರೆ ಸುದ್ದಿಯಲ್ಲಿ ಬರುವ ಗುಂಡಿಗಳಲ್ಲಿ ಬಹುಪಾಲು ಬಂಡೆ ಕುಸಿದವಲ್ಲ. ಬಂಡೆಯ ಬಿರುಕಿನೊಳಗೆ ಮೇಲಿನ ಮಣ್ಣು ಸ್ವಲ್ಪಸ್ವಲ್ಪವೇ ಸೋರಿ, ಟೊಳ್ಳು ಮೇಲೇರಿ, ಕೊನೆಗೆ ಹೊದಿಕೆ ಕಳಚಿಬೀಳುತ್ತದೆ. 1981ರಲ್ಲಿ ಫ್ಲೋರಿಡಾದ ವಿಂಟರ್ ಪಾರ್ಕ್‌ನಲ್ಲಿ ಮನೆಯೊಂದನ್ನೇ ನುಂಗಿದ, ನೂರು ಮೀಟರ್ ಮೀರಿದ ಅಗಲದ ಗುಂಡಿ ಈ ಜಾತಿಯದು.

ಪ್ರಶ್ನೆ: ಬೋರ್‌ವೆಲ್ ಹೆಚ್ಚಾದರೆ ನಮ್ಮ ಕಡೆಯೂ ಹೀಗಾಗಬಹುದೇ?
– ಓದುಗರು, ಕೋಲಾರ

ಉತ್ತರ: ಕೋಲಾರದ ಕೆಳಗಿರುವುದು ಹೆಚ್ಚಾಗಿ ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಕಲ್ಲು. ನೀರಿಗೆ ಕರಗಿ ಗುಹೆಯಾಗುವ ಕಲ್ಲಲ್ಲ. ಆ ಭಯ ಬೇಡ, ಬೋರ್ ಬತ್ತುವ ಚಿಂತೆಯೇ ಸಾಕು. ಸುಣ್ಣಕಲ್ಲು, ಡಾಲಮೈಟ್ ಇರುವಲ್ಲಿ ಮಾತ್ರ ಮಾತು ಬೇರೆ. ಟೊಳ್ಳಿನಲ್ಲಿ ತುಂಬಿದ ನೀರು ಮೇಲಿನ ಮಣ್ಣಿನ ಭಾರವನ್ನು ಅಷ್ಟಿಷ್ಟು ಹೊತ್ತಿರುತ್ತದೆ. ಅದನ್ನು ಎತ್ತಿದರೆ ಆನಿಕೆ ಹೋಯಿತು. 2010ರ ಜನವರಿಯಲ್ಲಿ ಫ್ಲೋರಿಡಾದ ಸ್ಟ್ರಾಬೆರಿ ಬೆಳೆಗಾರರು ಹಿಮದಿಂದ ಗಿಡ ಉಳಿಸಲು 11 ದಿನ ಬಾವಿನೀರು ಚಿಮುಕಿಸಿದರು. ಅಂತರ್ಜಲ ಸುಮಾರು 60 ಅಡಿ ಇಳಿಯಿತು, 140ಕ್ಕೂ ಹೆಚ್ಚು ಗುಂಡಿ ಬಿದ್ದವು. ದಕ್ಷಿಣ ಆಫ್ರಿಕಾದಲ್ಲಿ ಚಿನ್ನದ ಗಣಿಗಾಗಿ ಡಾಲಮೈಟಿನ ನೀರು ತೆಗೆದಾಗ, 1962ರ ಡಿಸೆಂಬರಿನಲ್ಲಿ ವೆಸ್ಟ್ ಡ್ರೀಫಾಂಟೈನ್‌ನ ಕಲ್ಲು ಪುಡಿಮಾಡುವ ಘಟಕ 29 ಜನರೊಂದಿಗೆ ಕೆಳಗಿಳಿಯಿತು.

ಪ್ರಶ್ನೆ: ಅಡಿಕೆ ತೋಟದಲ್ಲಿ ಮಳೆಗೆ ಬಾವಿಯಂಥ ಗುಂಡಿ ಬಿದ್ದಿದೆ. ಎರಡು ಟಿಪ್ಪರ್ ಮಣ್ಣು ಹಾಕಿದರೂ ಮತ್ತೆ ಇಳಿಯಿತು. ಏನು ಮಾಡಲಿ?
– ಓದುಗರು, ಪುತ್ತೂರು

ಉತ್ತರ: ನಿಮ್ಮ ಕಡೆ ಮೇಲೆ ಗಟ್ಟಿ ಮುರಕಲ್ಲು, ಅದರಡಿ ಮೆತ್ತನೆಯ ಶೇಡಿಮಣ್ಣು. ಒಳಗೆ ಹರಿವ ನೀರು ಶೇಡಿಯನ್ನು ಕೊರೆದು ಕೊಳವೆ ಮಾಡುತ್ತದೆ, ಮುರಕಲ್ಲು ಚಪ್ಪಡಿಯಂತೆ ನಿಂತು ಒಂದು ದಿನ ಮುರಿಯುತ್ತದೆ. ಕಣ್ಣೂರು, ಕಾಸರಗೋಡಿನಲ್ಲೂ ಇದೇ ತೊಂದರೆ. ಹಳೆಯ ನೀರಿನ ಸುರಂಗದ ಚಾವಣಿ ಬಿದ್ದಿರಲೂಬಹುದು. ಊರಿನ ಹಿರಿಯರನ್ನು ಕೇಳಿ. ನೀವು ಹಾಕಿದ ಮಣ್ಣು ಕೊಳವೆಯಲ್ಲೇ ಹರಿದುಹೋಗಿದೆ.

ಮೊದಲು ಬೇಲಿ. ಅಂಚಿನ ಕೆಳಗೆ ಟೊಳ್ಳಿರುತ್ತದೆ, ಹಾಗಾಗಿ ಗುಂಡಿಯ ಆಳದಷ್ಟಾದರೂ ದೂರದಲ್ಲಿ ಕಟ್ಟಿ. ಯಾರನ್ನೂ ಒಳಗೆ ಇಳಿಸಬೇಡಿ. ಮೇಲ್ಗಡೆ ಕಣಿ ತೆಗೆದು ಮಳೆನೀರನ್ನು ಬೇರೆಡೆ ತಿರುಗಿಸಿ, ತುಂತುರು ಪೈಪ್ ಒಡೆದಿದೆಯೇ ನೋಡಿ. ಆಮೇಲೆ ಇಳಿಜಾರಿನ ಕೆಳಗೆ ಹೋಗಿ ಕೆಸರುನೀರು ಎಲ್ಲಾದರೂ ಹೊರಬರುತ್ತಿದೆಯೇ ಹುಡುಕಿ. ಅಲ್ಲಿ ಮನೆಗಳಿದ್ದರೆ ಗುಂಡಿ ಮುಚ್ಚುವ ಮೊದಲೇ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ತಿಳಿಸಿ. ಕೊಳವೆ ಕಟ್ಟಿಕೊಂಡರೆ ಒಳಗೆ ನೀರಿನ ಒತ್ತಡ ಏರಿ ಗುಡ್ಡವೇ ಜಾರಬಹುದು.

ಮುಚ್ಚುವುದು ಬೇಸಗೆಯಲ್ಲಿ. ದೂರ ನಿಂತ ಹಿಟಾಚಿಯಿಂದ ಸಡಿಲ ಮಣ್ಣು ತೆಗೆಸಿ, ನೀರು ಇಳಿಯುವ ಗಂಟಲು ಕಾಣಬೇಕು. ಗಂಟಲು 2 ಅಡಿ ಇದ್ದರೆ 1 ಅಡಿಗಿಂತ ದೊಡ್ಡ ಕಲ್ಲುಗಳನ್ನು ಒಂದಕ್ಕೊಂದು ಸಿಕ್ಕಿಕೊಳ್ಳುವಂತೆ ಕೂರಿಸಿ. ಮೇಲೆ ಮುಷ್ಟಿಗಾತ್ರದ ಕಲ್ಲು, ನಂತರ 40 ಮಿ.ಮೀ. ಜಲ್ಲಿ, 20 ಮಿ.ಮೀ. ಜಲ್ಲಿ, ಮರಳು. ಪ್ರತಿ ಪದರವೂ ಕೆಳಗಿನದರ ಸಂದಿಗೆ ಜಾರದಷ್ಟು ದೊಡ್ಡದಿರಬೇಕು. ಮುಷ್ಟಿಕಲ್ಲಿನ ಮೇಲೆ ನೇರ ಮರಳು ಸುರಿದರೆ ಕೆಲಸ ಕೆಟ್ಟಂತೆಯೇ. ಮರಳಿನ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವಂಥದ್ದು) ಹಾಸಿ, 2 ಅಡಿ ಜೇಡಿಮಣ್ಣನ್ನು ಅರ್ಧ ಅಡಿಯಂತೆ ದಮ್ಮಸ್ಸು ಮಾಡಿ, ನಡು ತುಸು ಉಬ್ಬಿರಲಿ. ಕಾಂಕ್ರೀಟ್ ಬಿರಡೆ ಬೇಡ, ನೀರು ಪಕ್ಕದಲ್ಲಿ ಇನ್ನೊಂದು ದಾರಿ ಕೊರೆಯುತ್ತದೆ. ತೋಟದ ಕಸ, ಔಷಧಿ ಡಬ್ಬ ಅಂತೂ ಹಾಕಲೇಬೇಡಿ. ಸೋಸುವ ಮಣ್ಣಿಲ್ಲದ ದಾರಿಯಲ್ಲಿ ವಿಷ ಕೆಳಗಿನವರ ಬಾವಿಗೆ ಸೇರುತ್ತದೆ.

ಸುತ್ತ ಗೂಟ ನೆಟ್ಟು ಅಡ್ಡ ದಾರ ಕಟ್ಟಿ, ಎರಡು ಮಳೆಗಾಲ ಗಮನಿಸಿ. ನಾಲ್ಕಾರು ಇಂಚು ಕೂತರೆ ಮೇಲೆ ಜೇಡಿ ಸೇರಿಸಿದರಾಯಿತು. ಒಂದೇ ರಾತ್ರಿ ಅಡಿಗಟ್ಟಲೆ ಇಳಿದರೆ ಗಂಟಲು ಸಿಕ್ಕಿಲ್ಲ ಎಂದರ್ಥ, ಮತ್ತೆ ತೋಡಬೇಕು.