ಗೆಳತಿ ಹೋದ ಮೇಲಿನ ಆಟ

ನನ್ನ ಬಳಿ ಸಲಹೆ ಕೇಳಲು ಬಂದ ಹುಡುಗಿಯೊಬ್ಬಳ ಕಥೆ ಇದು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಆಕೆಗೆ 20 ವರ್ಷ. ಬೆಂಗಳೂರಿನ ಒಂದು ಬ್ಯಾಸ್ಕೆಟ್‌ಬಾಲ್ ತಂಡದ ಪಾಯಿಂಟ್ ಗಾರ್ಡ್, ಅಂದರೆ ಬಾಲ್ ತಂದು ಆಟ ನಡೆಸುವವಳು. "ಮೇಡಂ, ಕೋರ್ಟಿಗೆ ಹೋಗ್ಬೇಕು ಅಂದ್ರೆ ಹೊಟ್ಟೆ ಕಿವುಚಿದ ಹಾಗಾಗುತ್ತೆ" ಎಂದಳು. ಎರಡು ತಿಂಗಳ ಹಿಂದೆ ಇವರ ಸೆಂಟರ್ (ಬುಟ್ಟಿಯ ಹತ್ತಿರ ಆಡುವವಳು) ಬೇರೆ ಕ್ಲಬ್ಬಿಗೆ ಹೋಗಿ, ಅಲ್ಲಿಂದ ಜಾಸ್ತಿ ಪಾಯಿಂಟ್ ಹೊಡೆಯುವ ಹುಡುಗಿ ಇಲ್ಲಿಗೆ ಬಂದಿದ್ದಳು. ಹೋದವಳು ಇವಳ ಆರು ವರ್ಷದ ಗೆಳತಿ. "ಹೊಸಬಳು ಸ್ವಾರ್ಥಿ. ಬಾಲ್ ಸಿಕ್ಕರೆ ಬಿಡಲ್ಲ."

ಮೊದಲ ದಿನ ಗೆಳತಿಯ ಬಗ್ಗೆ ಮಾತ್ರ ಕೇಳಿದೆ. ಇವಳು ಎಡಕ್ಕೆ ತಿರುಗುವ ಮೊದಲೇ ಅವಳು ಬಂದು ಸ್ಕ್ರೀನ್ ಕೊಡುತ್ತಿದ್ದಳಂತೆ, ಅಂದರೆ ಎದುರಾಳಿಗೆ ಅಡ್ಡ ನಿಂತು ಇವಳಿಗೆ ದಾರಿ ಮಾಡುತ್ತಿದ್ದಳಂತೆ. ಕೂಗಿ ಕರೆಯಬೇಕಿರಲಿಲ್ಲ. ಹೇಳುತ್ತಲೇ ಅತ್ತಳು. ತಂಡದಲ್ಲಿ ಯಾರೂ ಆ ಮಾತೇ ಎತ್ತಿರಲಿಲ್ಲ. ಇದು ತಪ್ಪು ಅಂತಲೇ ನನ್ನ ಅನಿಸಿಕೆ. ದಿನಾ ಜೊತೆಯಲ್ಲಿ ಬೆವರು ಸುರಿಸಿದವಳು ಹೋದರೆ ಸಂಕಟ ಆಗದೆ ಇರುತ್ತಾ?

ಎರಡನೇ ಸಲ ಆಟದ ಮಾತು. ಒಂದು ಉದಾಹರಣೆ ಹೇಳಿದೆ. 2008ರ ನವೆಂಬರ್‌ನಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡೆಟ್ರಾಯ್ಟ್ ತಂಡ ತನ್ನ ಆಟಗಾರ ಚಾನ್ಸಿ ಬಿಲಪ್ಸ್ ಅವರನ್ನು ಡೆನ್ವರ್‌ಗೆ ಕೊಟ್ಟು ಆಲೆನ್ ಐವರ್ಸನ್ ಅವರನ್ನು ತಂದಿತು. ಐವರ್ಸನ್ ನಾಲ್ಕು ಸಲ ಲೀಗಿನ ಸ್ಕೋರಿಂಗ್ ಪಟ್ಟಿಯಲ್ಲಿ ಮೊದಲಿದ್ದವರು. ಆದರೂ ಹಿಂದಿನ ಸೀಸನ್ನಿನಲ್ಲಿ 59 ಪಂದ್ಯ ಗೆದ್ದಿದ್ದ ಡೆಟ್ರಾಯ್ಟ್ 39ಕ್ಕೆ ಇಳಿಯಿತು. ಡೆನ್ವರ್ ಪಶ್ಚಿಮ ವಿಭಾಗದ ಫೈನಲ್ ತನಕ ಹೋಯಿತು. ಅದೊಂದೇ ಕಾರಣ ಎನ್ನಲಾರೆ. ಆದರೆ ಐವರ್ಸನ್ ಆಟಕ್ಕೆ ಬಾಲ್ ಕೈಯಲ್ಲೇ ಇರಬೇಕು. ಡೆಟ್ರಾಯ್ಟಿನವರದು ಬಾಲ್ ಎಲ್ಲರ ಕೈಗೂ ಹೋಗುವ ಆಟ.

"ಹಾಗಾದ್ರೆ ಹೊಸಬಳದು ಸ್ವಾರ್ಥ ಅಲ್ಲ ಅಂತೀರಾ?" ಎಂದಳು. ಹಳೆ ತಂಡದಲ್ಲಿ ಅವಳಿಗೆ ಅದೇ ಕೆಲಸ ಕೊಟ್ಟಿದ್ದರೇನೋ, ಕೇಳಿದ್ದೀಯಾ ಎಂದೆ. ಕೇಳಿರಲಿಲ್ಲ. ಹೊಸಬಳ ಜೊತೆ ಯಾರೂ ತಿಂಡಿಗೂ ಕೂರುತ್ತಿರಲಿಲ್ಲವಂತೆ.

ನಾನು ಹೇಳಿದ್ದಿಷ್ಟು. ಗೆಳತಿಗೆ ಫೋನ್ ಮಾಡು, ಆದರೆ ಹೊಸಬಳನ್ನು ದೂರೋಕೆ ಅಲ್ಲ. ಕೋಚ್ ಹತ್ತಿರ "ಅವಳೋ ನಾನೋ" ಅಂತ ಹೋಗಬೇಡ. "ಬಾಲ್ ಸಿಕ್ಕ ಮೇಲೆ ಬುಟ್ಟಿಗೆ ಎಸೆಯೋಕೆ ಇರೋದು 24 ಸೆಕೆಂಡ್ ಸರ್, ಬಾಲ್ ಯಾರು ತರಬೇಕು, ಸ್ಕ್ರೀನ್ ಈಗ ಯಾರು ಕೊಡಬೇಕು?" ಎಂದು ಕೇಳು. ಸೆಂಟರ್ ಹೋದ ಮೇಲೆ ಆ ಕೆಲಸವನ್ನು ಯಾರಿಗೂ ವಹಿಸಿರಲೇ ಇಲ್ಲ. ಅದು ದೊಡ್ಡವರ ತಪ್ಪು. ಹುಡುಗಿಯರು ಒಬ್ಬರ ಮೇಲೊಬ್ಬರು ಸಿಟ್ಟಾಗಿ ಸರಿಮಾಡೋಕಾಗಲ್ಲ. ಪ್ರಾಕ್ಟೀಸ್ ಮುಗಿದ ಮೇಲೆ ಹತ್ತು ನಿಮಿಷ ನೀವಿಬ್ಬರೇ ಆಡಿ. ಬಾಲ್ ಎಲ್ಲಿ ಬೇಕು ಅಂತ ಅವಳನ್ನೇ ಕೇಳು.

ಮೂರು ವಾರ ಬಿಟ್ಟು ಬಂದಳು. ತಂಡ ಇನ್ನೂ ಸೋಲುತ್ತಲೇ ಇತ್ತು. ಹೊಟ್ಟೆ ಕಿವುಚುವುದು ಕಡಿಮೆಯಾಗಿತ್ತು. ಹೊಸಬಳಿಗೆ ಬಲ ಮೂಲೆಯಲ್ಲಿ, ಎದೆಮಟ್ಟಕ್ಕೆ ಪಾಸ್ ಬೇಕಂತೆ.

"ಇಷ್ಟು ದಿನ ನಾನು ನೆಲಕ್ಕೆ ಪುಟಿಸಿ ಬೌನ್ಸ್ ಪಾಸ್ ಕೊಡ್ತಿದ್ದೆ ಮೇಡಂ" ಎಂದಳು.