ಜೀಬ್ರಾ ಕ್ರಾಸಿಂಗ್ ಇದ್ರೂ ರಸ್ತೆ ದಾಟೋರಿಗೆ ಯಾಕೆ ಆಕ್ಸಿಡೆಂಟ್ ಆಗುತ್ತೆ, ಸಿಟಿ ಪ್ಲಾನಿಂಗ್‌ನಲ್ಲಿ ಏನ್ ಮಾಡ್ಬೇಕು?
ಬರೀ ಬಿಳಿ ಪಟ್ಟೆ ಬಳಿದ್ರೆ ಆಗಲ್ಲ, ಮೊದಲು ಸ್ಪೀಡ್ ಇಳೀಬೇಕು. ಗಾಡಿ 30ರ ಬದಲು 50 ಕಿಮೀ ಸ್ಪೀಡಲ್ಲಿ ಬಂದ್ರೆ ಗುದ್ದೋ ಶಕ್ತಿ ಹತ್ತಿರ ಹತ್ತಿರ 3 ಪಟ್ಟಾಗುತ್ತೆ, ಮನುಷ್ಯನ ಮೈ ಅದನ್ನ ತಡ್ಕೊಳಲ್ಲ. ಜನ ತಪ್ಪು ಮಾಡೇ ಮಾಡ್ತಾರೆ, ಅದಕ್ಕೆ ಜೀವ ಹೋಗ್ಬಾರದು ಅಂತ ಸ್ವೀಡನ್ 1997ರಲ್ಲೇ ವಿಷನ್ ಝೀರೋ ಪಾಲಿಸಿ ತಂತು. ಅಂದ್ರೆ ಬೋರ್ಡ್ ನೆಟ್ಟು ಸುಮ್ನಾಗದೆ ಲೇನ್ ಕಿರಿದು ಮಾಡಿ, ಕ್ರಾಸಿಂಗನ್ನ ಫುಟ್‌ಪಾತ್ ಮಟ್ಟಕ್ಕೇ ಎತ್ತಿದ್ರೆ ಡ್ರೈವರ್ ತಾನಾಗೇ ಬ್ರೇಕ್ ಮೇಲೆ ಕಾಲಿಡ್ತಾನೆ. ನಂಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಅಗಲ ರಸ್ತೆ ಮಧ್ಯದಲ್ಲಿ ನಿಲ್ಲೋಕೆ ಜಾಗ, ಕೋಲೂರ್ಕೊಂಡು ಬರೋ ಅಜ್ಜಿ ಅರ್ಧ ದಾಟಿ ಅಲ್ಲಿ ಉಸಿರು ತಗೊಂಡು ಆಮೇಲೆ ಒಂದೇ ಕಡೆ ಗಾಡಿ ನೋಡ್ಕೊಂಡ್ರೆ ಸಾಕು. ಸಿಗ್ನಲಲ್ಲೂ ನಡೆಯೋರಿಗೆ ಕೆಲವು ಸೆಕೆಂಡ್ ಮುಂಚೆ ಹಸಿರು ಕೊಟ್ರೆ, ತಿರುಗೋ ಗಾಡಿಯವ್ರ ಕಣ್ಣಿಗೆ ಚೆನ್ನಾಗಿ ಬೀಳ್ತಾರೆ.